ಆಡಲು ಕೊಡದ ಆಟ

ಎರಡು ಸಾವಿರದ ಆರನೇ ಇಸವಿಯ ಆಗಸ್ಟ್ ಅರ್ಧ ಕಳೆದರೂ ‘ಗ್ರೇ ಹಾರ್ಬರ್’ ಆಟದ ಮೂರನೇ ಭಾಗದ ಡಿಸ್ಕ್ ‘ಕೀಲಿಮಣೆ’ಯ ಕಚೇರಿಗೆ ಬರಲಿಲ್ಲ.

‘ಕೀಲಿಮಣೆ’ ಎಂಬುದು ಗಾಂಧಿ ಬಜಾರಿನಲ್ಲಿ, ಒಂದು ಪಾತ್ರೆ ಅಂಗಡಿಯ ಮಹಡಿಯಿಂದ ಹೊರಡುತ್ತಿದ್ದ ಕಂಪ್ಯೂಟರ್ ಮಾಸಪತ್ರಿಕೆ. ಮುಂದಿನ ಪುಟಗಳಲ್ಲಿ ಪ್ರಿಂಟರು, ಮೋಡೆಮ್ಮು, ವೈರಸ್ಸುಗಳ ಸಮಾಚಾರ. ಹಿಂದಿನ ಪುಟಗಳೆಲ್ಲ ಆಟಗಳಿಗೆ. ಓದುವವರು ಪತ್ರಿಕೆಯನ್ನು ಹಿಂದಿನಿಂದಲೇ ಬಿಚ್ಚುತ್ತಾರೆಂದು ಸಂಪಾದಕ ಹರಿಕೃಷ್ಣನಿಗೂ ಗೊತ್ತಿತ್ತು, ಜಾಹೀರಾತು ಕೊಡುವವರಿಗೂ ಗೊತ್ತಿತ್ತು. ಆ ಹಿಂದಿನ ಪುಟಗಳನ್ನು ಬರೆಯುತ್ತಿದ್ದವಳು ವಿಶಾಖಾ.

ನಡೆದುಬಂದ ಕ್ರಮ ಹೀಗಿತ್ತು. ಆಟ ಅಂಗಡಿಗೆ ಬರುವ ಕೆಲವು ವಾರ ಮುಂಚೆಯೇ ಹಂಚಿಕೆ ಕಂಪನಿ ವಿಮರ್ಶಕರಿಗೆ ಒಂದೊಂದು ಪ್ರತಿ ಕಳಿಸುವುದು. ಚಿತ್ರ ಗಿತ್ರ ಏನೂ ಇಲ್ಲದ ಬೆಳ್ಳಿಬಣ್ಣದ ಡಿಸ್ಕು, ಮೇಲೆ ಕಪ್ಪು ಮಾರ್ಕರಿನಲ್ಲಿ ಆಟದ ಹೆಸರು. ವಿಶಾಖಾ ಅದನ್ನು ಮನೆಗೆ ಒಯ್ದು, ಆಡಿ, ಬರೆದುಕೊಡುವಳು. ಪುಟಗಳು ಚಾಮರಾಜಪೇಟೆಯ ಪ್ರೆಸ್ಸಿಗೆ ಹೋಗುವವು. ಆಟ ಮಾರಾಟಕ್ಕೆ ಬರುವ ಹೊತ್ತಿಗೆ ಪತ್ರಿಕೆಯೂ ಅಂಗಡಿಯಲ್ಲಿ ತೂಗುತ್ತಿರುತ್ತಿತ್ತು. ಓದಿ ಕೊಳ್ಳುವವರು ಕೊಳ್ಳುವರು, ಬಿಡುವವರು ಬಿಡುವರು.

ಈ ಸಲ ಡಿಸ್ಕಿನ ಬದಲು ಫೋನ್ ಬಂತು. ಹಂಚಿಕೆ ಕಂಪನಿಯ ಪ್ರಚಾರ ನೋಡಿಕೊಳ್ಳುತ್ತಿದ್ದ ರಮ್ಯಾ ಮಾತಾಡಿದಳು. ಕೆಲಸದ ಮೇಲೆ ಪರಿಚಯವಾಗಿ ನೀನು ತಾನು ಎನ್ನುವಷ್ಟು ಹತ್ತಿರವಾಗಿದ್ದವಳು.

“ವಿಶಾಖಾ, ಈ ಸಲ ಯಾರಿಗೂ ಕಾಪಿ ಕೊಡ್ತಿಲ್ಲ ಕಣೆ. ಸೇಲ್ ಶುರುವಾಗೋ ದಿನಾನೇ ಎಲ್ರಿಗೂ ಒಟ್ಟಿಗೆ.”

“ಯಾಕೆ?”

“ಕಥೆ ಮುಂಚೇನೇ ಆಚೆ ಹೋಗ್ಬಾರ್ದಂತೆ. ಜನಕ್ಕೆ ಸರ್ಪ್ರೈಸ್ ಇರ್ಲಿ ಅಂತ.”

“ನಾನು ಯಾವತ್ತು ಕಥೆ ಬಿಟ್ಕೊಟ್ಟಿದೀನಿ?”

“ನಿನ್ನ ಮಾತಲ್ಲ. ಬಾಂಬೇನವರಿಗೂ ಇಲ್ಲ, ಡೆಲ್ಲಿಯವರಿಗೂ ಇಲ್ಲ. ಆಟ ಮಾಡಿದೋರೇ ಹೇಳ್ಬಿಟ್ಟಿದಾರೆ. ಬ್ರೋಷರ್ ಕಳಿಸ್ತೀನಿ, ಚಿತ್ರಗಳು ಚೆನ್ನಾಗಿವೆ. ಅದ್ರಲ್ಲೇ ಏನಾದ್ರೂ ಮಾಡ್ಕೋ, ಪ್ಲೀಸ್.”

ವಿಶಾಖಾ ಫೋನ್ ಇಟ್ಟಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವಳಿಗೆ ಯಾವುದೂ ತಕ್ಷಣ ಆಗುತ್ತಿರಲಿಲ್ಲ. ಅಜ್ಜಿ ತೀರಿಕೊಂಡಾಗ ಮನೆ ತುಂಬ ಜನ ಅಳುತ್ತಿದ್ದರೆ ಇವಳು ಬಂದವರಿಗೆಲ್ಲ ಕಾಫಿ ಸೋಸಿಕೊಡುತ್ತಿದ್ದಳು. “ಕಲ್ಲು ಕಣೆ ನೀನು,” ಎಂದು ಅಮ್ಮ ಶಕುಂತಲಮ್ಮ ಅಂದದ್ದಕ್ಕೂ ಏನೂ ಅನ್ನಿಸಿರಲಿಲ್ಲ. ಈಗಲೂ ಎದ್ದು ಹೋಗಿ ಹೂಜಿಯಿಂದ ನೀರು ಬಗ್ಗಿಸಿ ಕುಡಿದು, ಹರಿಕೃಷ್ಣನ ಮೇಜಿನ ಹತ್ತಿರ ಬಂದು ವಿಷಯ ಹೇಳಿದಳು.

ಹರಿಕೃಷ್ಣ ಕಲಾಸಿಪಾಳ್ಯದ ತರಕಾರಿ ವ್ಯಾಪಾರದ ಮನೆಯವನು. ಅಣ್ಣ ಧರ್ಮರಾಜು ಇನ್ನೂ ಮಂಡಿಯಲ್ಲೇ ಕೂರುತ್ತಿದ್ದ. ತಮ್ಮ ಮಾತ್ರ ಕಂಪ್ಯೂಟರ್ ಹುಚ್ಚು ಹತ್ತಿ ಪತ್ರಿಕೆ ಮಾಡಿದ್ದ. ವಿಷಯ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

“ಈ ಸಲದ ಮುಖಪುಟವೇ ಅದು. ಹಿಂಬದಿ ರಕ್ಷಾಪುಟದ ಜಾಹೀರಾತೂ ಅದೇ. ವಿಮರ್ಶೆ ಪುಟದಲ್ಲಿ ಏನು ಹಾಕ್ತೀಯಮ್ಮ?”

“ಗೊತ್ತಿಲ್ಲ ಸರ್.”

“ಬೇರೆಯವ್ರೆಲ್ಲ ಬ್ರೋಷರ್ ನೋಡಿ ಬರೀತಾರೆ. ಅದ್ಭುತ ಅಂತ ಬರೆದ್ರೆ ಯಾರು ಕೇಳ್ತಾರೆ?” ದನಿ ತಗ್ಗಿಸಿದ. “ನಿನ್ನ ತಮ್ಮ ಇದಾನಲ್ಲ, ಆಟ ಪರೀಕ್ಷೆ ಮಾಡೋ ಕಂಪನೀಲಿ. ಇದು ಅವರ ಹತ್ರಾನೇ ಬಂದಿದೆ ಅಂತ ಯಾರೋ ಅಂತಿದ್ರು. ಒಂದು ಮಾತು ಕೇಳ್ಬಾರ್ದಾ? ಹೇಗಿದೆ ಅಂತ, ಅಷ್ಟೇ.”

“ಅವನ್ನ ಕೇಳಲ್ಲ ಸರ್,” ಎಂದಳು ವಿಶಾಖಾ.

ತಮ್ಮ ಮುತ್ತುರಾಜ್ ಕೆಲಸ ಮಾಡುತ್ತಿದ್ದದ್ದು ಹನುಮಂತನಗರದಲ್ಲಿ, ಒಂದು ಕಲ್ಯಾಣ ಮಂಟಪದ ಎದುರಿನ ಕಟ್ಟಡದಲ್ಲಿ. ಕಟ್ಟಡಕ್ಕೆ ಬೋರ್ಡಿರಲಿಲ್ಲ. ಹೊರದೇಶದ ಆಟಗಳು ಬಿಡುಗಡೆಗೆ ಮುಂಚೆ ಅಲ್ಲಿಗೆ ಬರುತ್ತಿದ್ದವು. ಇಪ್ಪತ್ತು ಮೂವತ್ತು ಹುಡುಗರು ಸಾಲಾಗಿ ಕೂತು, ಒಂದೇ ಗೋಡೆಗೆ ನೂರು ಸಲ ಗುದ್ದಿ, ಒಂದೇ ಬಾಗಿಲು ನೂರು ಸಲ ತೆರೆದು, ಎಲ್ಲಿ ಕೆಡುತ್ತದೆಂದು ಬರೆದು ಕಳಿಸುವುದು ಕೆಲಸ. ಒಳಗೆ ನೋಡಿದ್ದನ್ನು ಹೊರಗೆ ಆಡುವುದಿಲ್ಲವೆಂದು ಎಲ್ಲರೂ ಸಹಿ ಹಾಕಿದ್ದರು. ಮುತ್ತುರಾಜ್ ಮನೆಯಲ್ಲಿ ಯಾವ ಆಟದ ಹೆಸರನ್ನೂ ಎತ್ತುತ್ತಿರಲಿಲ್ಲ.

ಆದರೆ ವಿಶಾಖಾಗೆ ಗೊತ್ತಿತ್ತು. ಅವನು ಬಚ್ಚಲಲ್ಲಿ ಗುನುಗುವ ರಾಗದಿಂದ ಗೊತ್ತಾಗಿತ್ತು. ‘ಗ್ರೇ ಹಾರ್ಬರ್’ನ ಮೊದಲ ಎರಡು ಭಾಗಗಳನ್ನು ಅವಳೇ ಆಡಿ, ಮೆಚ್ಚಿ, ಬರೆದಿದ್ದಳು. ದೋಣಿ ನೀರಿಗಿಳಿಯುವಾಗ ಬರುವ ಆ ನಿಧಾನದ ರಾಗ ಅವಳಿಗೆ ಬಾಯಿಪಾಠ. ಜನವರಿಯಿಂದ ತಮ್ಮ ಅದೇ ರಾಗವನ್ನು ಹಾಡುತ್ತಿದ್ದ. ಆದರೆ ನಡುವೆ ಒಂದು ತಿರುವು ಹೊಸದಿತ್ತು. ಅವಳು ಗೊತ್ತಾದಂತೆ ತೋರಿಸಿಕೊಳ್ಳಲಿಲ್ಲ.

ಅಕ್ಕ ತಮ್ಮ ಇಬ್ಬರೂ ಆಟ ಕಲಿತದ್ದು ಒಟ್ಟಿಗೇ. ತೊಂಬತ್ತರ ದಶಕದ ಮಧ್ಯದಲ್ಲಿ ಚಾಮರಾಜಪೇಟೆಯ ಅವರ ರಸ್ತೆಯ ಟೈಪಿಂಗ್ ಶಾಲೆ ಎರಡು ಕಂಪ್ಯೂಟರ್ ತರಿಸಿ ಕಂಪ್ಯೂಟರ್ ಶಾಲೆಯಾಯಿತು. ಶಾಲೆ ನಡೆಸುತ್ತಿದ್ದ ಗಿರಿಜಾಂಬಾ ಭಾನುವಾರ ಮಧ್ಯಾಹ್ನ ಇವರನ್ನು ಒಳಗೆ ಬಿಡುತ್ತಿದ್ದರು. ಒಂದೇ ಕೀಲಿಮಣೆಯ ಮೇಲೆ ಇಬ್ಬರ ಕೈ. ಓಡಿಸುವ ಗುಂಡಿಗಳು ಅಕ್ಕನವು, ಹಾರುವ ಗುಂಡಿ ತಮ್ಮನದು. ಅಪ್ಪ ಶಿವಲಿಂಗಯ್ಯ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಮಕ್ಕಳು ಕಂಪ್ಯೂಟರ್ ಮುಂದೆ ಕೂತಿದ್ದಾರೆಂದರೆ ಓದುತ್ತಿದ್ದಾರೆಂದೇ ತಿಳಿದಿದ್ದರು. ಕೊನೆಗೆ ಇಬ್ಬರಿಗೂ ಅದರಿಂದಲೇ ಅನ್ನ ಹುಟ್ಟಿದ ಮೇಲೆ ತಾನು ತಿಳಿದದ್ದು ತಪ್ಪೇನಲ್ಲ ಎಂದುಕೊಂಡರು.

ಅಂದು ರಾತ್ರಿ ಊಟಕ್ಕೆ ಕೂತಾಗ ಶಕುಂತಲಮ್ಮ ಮುದ್ದೆ, ಹುರುಳಿಕಾಳಿನ ಬಸ್ಸಾರು ಬಡಿಸಿದರು. ಬುದ್ಧನ ಪಟದ ಕೆಳಗೆ ಅಪ್ಪ, ಎದುರಿಗೆ ಮಕ್ಕಳಿಬ್ಬರು.

“ಏನಮ್ಮ, ನಿನ್ನ ಪೇಪರ್ ಯಾವಾಗ ಬರುತ್ತೆ?” ಎಂದರು ಶಿವಲಿಂಗಯ್ಯ.

“ತಿಂಗಳ ಕೊನೇಲಿ ಅಪ್ಪ. ಒಂದು ಆಟದ ಕಾಪಿ ಬರ್ಲಿಲ್ಲ. ಯಾರಿಗೂ ಕೊಡ್ತಿಲ್ವಂತೆ.”

ಮುದ್ದೆ ಮುರಿಯುತ್ತಿದ್ದ ಮುತ್ತುರಾಜನ ಕೈ ನಿಂತಿತು. ಅವನು ತಲೆ ಎತ್ತಲಿಲ್ಲ. ವಿಶಾಖಾ ಅವನ ಬೆರಳುಗಳನ್ನೇ ನೋಡುತ್ತಿದ್ದಳು. ಆ ಒಂದು ಕ್ಷಣದಲ್ಲಿ ಅವಳು ಕೇಳಬಹುದಿತ್ತು, ಅವನು ಹೇಳಬಹುದಿತ್ತು. ಅವನು ತುತ್ತು ಸಾರಿಗದ್ದಿ ನುಂಗಿ, “ಅಮ್ಮ, ಇನ್ ಸ್ವಲ್ಪ ಸಾರು,” ಎಂದ. ಅವಳೂ ತಟ್ಟೆಯ ಕಡೆ ನೋಡಿದಳು.

ಮರುದಿನ ಬ್ರೋಷರ್ ಬಂತು. ನುಣುಪು ಹಾಳೆ, ಕಪ್ಪು ನೀರು, ಕಬ್ಬಿಣದ ಸೇತುವೆ, ಲಾಂದ್ರ ಹಿಡಿದ ದೋಣಿಕಾರ. ವಿಶಾಖಾ ಅದನ್ನು ಪಕ್ಕದಲ್ಲಿಟ್ಟುಕೊಂಡು ಬರೆಯಲು ಕೂತಳು. ‘ನೀರಿನ ಚಿತ್ರಣ ಮನಸೆಳೆಯುತ್ತದೆ’ ಎಂದು ಟೈಪು ಮಾಡಿ ಅಳಿಸಿದಳು. ‘ಹಿಂದಿನ ಭಾಗಗಳನ್ನು ಮೆಚ್ಚಿದವರಿಗೆ’ ಎಂದು ಶುರುಮಾಡಿ ಅದನ್ನೂ ಅಳಿಸಿದಳು. ಮಧ್ಯಾಹ್ನದ ಹೊತ್ತಿಗೆ ಅವಳ ಪುಟದಲ್ಲಿ ಇದ್ದದ್ದು ಇಷ್ಟೇ:

‘ಈ ಆಟ ಹೇಗಿದೆಯೋ ನಮಗೆ ಗೊತ್ತಿಲ್ಲ. ಮಾರಾಟ ಶುರುವಾಗುವವರೆಗೆ ಯಾವ ವಿಮರ್ಶಕರಿಗೂ ಆಡಲು ಕೊಡುವುದಿಲ್ಲ ಎಂದಿದ್ದಾರೆ. ಆಡದೆ ನಾವು ಬರೆಯುವುದಿಲ್ಲ. ಯಾರಾದರೂ ಪೂರ್ತಿ ಆಡಿ ಹೇಳುವವರೆಗೆ ಕಾಯಿರಿ. ಮುಂದಿನ ಸಂಚಿಕೆಯಲ್ಲಿ ನಾವೂ ಹೇಳುತ್ತೇವೆ.’

ಕೆಳಗೆಲ್ಲ ಖಾಲಿ.

ಹರಿಕೃಷ್ಣ ಅದನ್ನು ನಿಂತೇ ಓದಿದ. ಆಮೇಲೆ ಕೂತು ಮತ್ತೆ ಓದಿದ. ಕೆಳಗಿನ ಬೀದಿಯಲ್ಲಿ ಯಾರೋ ಸೇವಂತಿಗೆ ಮಾರಿಗೆ ಎಷ್ಟೆಂದು ಚೌಕಾಸಿ ಮಾಡುತ್ತಿದ್ದರು.

“ಇದನ್ನ ಹಾಕಿದ್ರೆ ಮುಂದಿನ ತಿಂಗಳಿಂದ ಹಿಂಬದಿ ಜಾಹೀರಾತು ಇರಲ್ಲ.”

“ಬೇಡ ಅಂದ್ರೆ ಆ ಪುಟಕ್ಕೆ ಪ್ರಿಂಟರ್ ಬಗ್ಗೆ ಏನಾದ್ರೂ ಹಾಕೋಣ ಸರ್.”

“ಸುಳ್ಳು ಇದ್ಯಾ ಇದ್ರಲ್ಲಿ?”

“ಇಲ್ಲ.”

ಹರಿಕೃಷ್ಣ ಕೆನ್ನೆ ಉಜ್ಜಿಕೊಂಡ. “ನಮ್ಮಪ್ಪ ಕಲ್ಲಂಗಡಿ ರಾಶೀಲಿ ಒಂದನ್ನ ಕೊಯ್ದು ಮುಂದೆ ಇಟ್ಕೊಂಡೇ ವ್ಯಾಪಾರಕ್ಕೆ ಕೂರ್ತಿದ್ದಿದ್ದು. ಕೊಯ್ಯಲ್ಲ, ಹಾಗೇ ತಗೊಂಡು ಹೋಗಿ ಅಂದೋರ ಹತ್ರ ಮಾತ್ರ ತಗೋಬೇಡ ಅಂತಿದ್ದ.” ಹಾಳೆಯನ್ನು ಪ್ರೆಸ್ಸಿಗೆ ಹೋಗುವ ಕಟ್ಟಿನ ಮೇಲಿಟ್ಟ. “ಹಾಕು, ನೋಡೋಣ.”

ಸೆಪ್ಟೆಂಬರಿನ ಮೊದಲ ಶುಕ್ರವಾರ ಆಟ ಅಂಗಡಿಗಳಿಗೆ ಬಂತು. ಬಳೇಪೇಟೆಯ ಗಲ್ಲಿ ಕಂಪ್ಯೂಟರ್ ಅಂಗಡಿಗಳ ಸಾಲಿಗೆ ಕೂಡುವ ಕಡೆ ಮಾಯಣ್ಣನ ಸಿ.ಡಿ. ಅಂಗಡಿ. ವಿಶಾಖಾ ಹೋದಾಗ ಕೈಗಾಡಿಗೆ ದಾರಿಯಿಲ್ಲದಂತೆ ಹುಡುಗರು ನಿಂತಿದ್ದರು. ಮಾಯಣ್ಣ ಗಲ್ಲಾದ ಮೇಲೆ ಹಗ್ಗ ಕಟ್ಟಿ ‘ಕೀಲಿಮಣೆ’ಯ ಹೊಸ ಸಂಚಿಕೆಯನ್ನು ತೂಗುಹಾಕಿದ್ದ.

“ಏನಮ್ಮ, ಕಾಯಿರಿ ಅಂತ ಬರ್ದಿದೀರಿ? ಯಾರು ಕಾಯ್ತಾರೆ ಗುರುವೇ, ನೋಡಿ ಜನಾನ.”

“ನನಗೊಂದು ಕೊಡಿ ಮಾಯಣ್ಣ.”

ಮಾಯಣ್ಣ ನಕ್ಕುಬಿಟ್ಟ. “ನೀವೇ ಕಾಯ್ಲಿಲ್ಲ!”

ಅವಳೂ ನಕ್ಕಳು. ಯಾರಾದರೂ ಕಾದರೋ ಇಲ್ಲವೋ ಎಂದು ಆಮೇಲೂ ಅವಳಿಗೆ ತಿಳಿಯಲಿಲ್ಲ. ಕಾದವರು ಅಂಗಡಿಗೆ ಬರುವುದಿಲ್ಲವಲ್ಲ, ಎಣಿಸುವುದು ಹೇಗೆ?

ಆಟ ಚೆನ್ನಾಗಿಯೇ ಇತ್ತು. ಅದು ಅವಳಿಗೆ ಆಶ್ಚರ್ಯ. ಊರು ಮುಳುಗುತ್ತಿದೆ, ಒಬ್ಬ ದೋಣಿಕಾರ ಜನರನ್ನು ಒಬ್ಬೊಬ್ಬರಾಗಿ ಆಚೆ ದಡಕ್ಕೆ ದಾಟಿಸಬೇಕು. ಅವಳು ಶನಿವಾರ, ಭಾನುವಾರ, ಸೋಮವಾರ ಆಡಿದಳು. ಮಂಗಳವಾರ ಬೆಳಿಗ್ಗೆ ಒಂಬತ್ತನೇ ಘಟ್ಟಕ್ಕೆ ಬಂದಳು. ಅಲ್ಲಿ ಹಳೆಯ ಕಬ್ಬಿಣದ ಸೇತುವೆಯ ಕೆಳಗೆ ಹಾಯಬೇಕು. ದೋಣಿ ಅರ್ಧ ಒಳಗೆ ಹೋಗುತ್ತಿದ್ದಂತೆ ಪರದೆ ಸ್ತಬ್ಧವಾಯಿತು. ಕಂಪ್ಯೂಟರನ್ನು ಆರಿಸಿ ಮತ್ತೆ ಹಾಕಿದಳು. ಅಷ್ಟು ದಿನ ಆಡಿ ಉಳಿಸಿಕೊಂಡಿದ್ದ ಆಟವೆಲ್ಲ ಅಳಿಸಿಹೋಗಿ, ‘ಹೊಸ ಆಟ ಶುರುಮಾಡಿ’ ಎಂದಷ್ಟೇ ಇತ್ತು.

ತನ್ನ ಕಂಪ್ಯೂಟರಿನದೇ ತೊಂದರೆಯಿರಬಹುದೆಂದು ಅವಳು ಮೊದಲಿನಿಂದ ಶುರುಮಾಡಿದಳು. ದಾರಿ ಗೊತ್ತಿದ್ದುದರಿಂದ ಓಡಿಸಿಕೊಂಡು ಬಂದಳು. ಗುರುವಾರ ಮಧ್ಯಾಹ್ನ ಊಟವಾದ ಮೇಲೆ ಮತ್ತೆ ಸೇತುವೆ. ಮತ್ತೆ ಅದೇ ಜಾಗದಲ್ಲಿ ದೋಣಿ ನಿಂತಿತು. ದೋಣಿಯಲ್ಲಿದ್ದ ಹೆಂಗಸೊಬ್ಬಳು ಕೈ ಎತ್ತಿದ್ದಳು, ಆ ಕೈ ಹಾಗೆಯೇ ಉಳಿಯಿತು.

ಆಗಲೇ ಮುತ್ತುರಾಜ್ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದದ್ದು. ಅವನು ಆ ಹೊತ್ತಿಗೆ ಎಂದೂ ಮನೆಗೆ ಬಂದವನಲ್ಲ. ಕುರ್ಚಿಯ ಹಿಂದೆ ನಿಂತು ಪರದೆ ನೋಡಿದ.

“ಸೇತುವೆ ಹತ್ರಾನಾ?”

“ಹೂಂ.”

“ಸೇವ್ ಎಲ್ಲ ಹೋಯ್ತಾ?”

“ಎರಡನೇ ಸಲ.”

“ಮಾರ್ಚಲ್ಲೇ ಬರ್ದಿದ್ದೆ,” ಎಂದ ಮುತ್ತುರಾಜ್. “ಮತ್ತೆ ಮತ್ತೆ ಬರ್ದೆ. ಈಗ ಸರಿಮಾಡೋಕೆ ಟೈಮಿಲ್ಲ, ರಿಲೀಸ್ ಡೇಟ್ ಫಿಕ್ಸ್ ಆಗ್ಹೋಗಿದೆ ಅಂತ ನನ್ನ ರಿಪೋರ್ಟ್ ಕ್ಲೋಸ್ ಮಾಡಿದ್ರು. ಸೇಲ್ ಆದ್ಮೇಲೆ ನೋಡ್ಕೊಳ್ಳೋಣ ಅಂತ.”

ಕೆಲಸದ ಬಗ್ಗೆ ಅವನು ಮನೆಯಲ್ಲಿ ಆಡಿದ ಮೊದಲ ಮಾತು ಅದು. ಅವನು ಹೀಗೆ ಮಾತಾಡುತ್ತಿದ್ದಾನೆಂದರೆ ಕೆಲಸ ಹೋಗಿದೆ ಎಂದು ವಿಶಾಖಾಗೆ ಅರ್ಥವಾಯಿತು. ಅವಳು ಕುರ್ಚಿ ತಿರುಗಿಸಿದಳು. ಅವನ ಕೊರಳಲ್ಲಿ ಸದಾ ತೂಗುತ್ತಿದ್ದ ಗುರುತಿನ ಚೀಟಿ ಇರಲಿಲ್ಲ.

“ಏನಾಯ್ತು?”

“ಕರೆದ್ರು. ನಿನ್ನ ಪುಟ ಮೇಜಿನ ಮೇಲಿತ್ತು. ಯಾರೋ ಇಂಗ್ಲಿಷಿಗೆ ಮಾಡಿ ಹೊರದೇಶಕ್ಕೆ ಕಳ್ಸಿದಾರೆ. ‘ಇವ್ರು ನಿಮ್ಮಕ್ಕ ತಾನೆ?’ ಅಂದ್ರು. ಹೌದು ಅಂದೆ. ‘ನೀನು ಹೇಳಿದ್ಯಾ?’ ಅಂದ್ರು. ಇಲ್ಲ ಅಂದೆ.”

“ಮತ್ತೆ?”

“‘ಏನೂ ಗೊತ್ತಿಲ್ದೆ ಕಾಯಿರಿ ಅಂತ ಯಾಕೆ ಬರೀತಾರೆ?’ ಅಂತ ಕೇಳಿದ್ರು.” ಅವನು ಮಂಚದ ಅಂಚಿನಲ್ಲಿ ಕೂತ. “ಕಾರ್ಡ್ ಇಟ್ಟು ಹೋಗು ಅಂದ್ರು.”

‘ಗೊತ್ತಿಲ್ಲ’ ಎಂದು ವಿಶಾಖಾ ಬರೆದದ್ದನ್ನು ಕಂಪನಿಯವರು ‘ಗೊತ್ತು’ ಎಂದು ಓದಿದ್ದರು. ಇದನ್ನು ಎಲ್ಲಿಂದ ಬಿಡಿಸಬೇಕು? ಅವಳು ಎದ್ದು ಹೋಗಿ ಇಬ್ಬರಿಗೂ ಕಾಫಿ ಮಾಡಿದಳು. ಸಕ್ಕರೆ ಎರಡು ಸಲ ಹಾಕಿಬಿಟ್ಟಿದ್ದಳು. ಮುತ್ತುರಾಜ್ ಹಾಗೆಯೇ ಕುಡಿದ.

ವಿಷಯ ತಿಳಿದ ಅಪ್ಪ ಮರುದಿನ ಬೆಳಿಗ್ಗೆ ಬಿಳಿ ಷರಟು ಇಸ್ತ್ರಿ ಮಾಡಿಸಿಕೊಂಡು, ಮಗ ಬೇಡವೆಂದರೂ ಕೇಳದೆ ಹನುಮಂತನಗರಕ್ಕೆ ಹೋದರು. ಅವರು ಮೂವತ್ತು ವರ್ಷ ಕಚೇರಿಯಲ್ಲಿದ್ದವರು. ಯಾರಿಗೆ ಯಾವ ಮಾತು ಹೇಗೆ ಹೇಳಬೇಕೆಂದು ಬಲ್ಲವರು. ತಪ್ಪು ಮಾಡದವನ ಮೇಲೆ ಕ್ರಮ ಕೈಗೊಳ್ಳುವಾಗ ಮೊದಲು ವಿವರಣೆ ಕೇಳಬೇಕೆಂಬ ನಿಯಮ ಎಲ್ಲ ಕಡೆಯೂ ಇರುತ್ತದೆಂದು ನಂಬಿದ್ದವರು. ಹನ್ನೊಂದು ಗಂಟೆಗೆಲ್ಲ ವಾಪಸು ಬಂದರು.

“ಏನಂದ್ರು?” ಎಂದರು ಶಕುಂತಲಮ್ಮ.

“ಮೇಲೆ ಹೋಗೋಕೆ ಬಿಡ್ಲಿಲ್ಲ,” ಎಂದು ಷರಟು ಕಳಚಿ ಹ್ಯಾಂಗರಿಗೆ ಹಾಕಿದರು.

ವಿಶಾಖಾ ರಮ್ಯಾಳಿಗೆ ಫೋನ್ ಮಾಡಿ, ಗಾಂಧಿ ಬಜಾರಿನ ಒಂದು ಹೋಟೆಲಿಗೆ ಬರಹೇಳಿದಳು. ಇಬ್ಬರೂ ಕೈಯಲ್ಲಿ ಲೋಟ ಹಿಡಿದು ಕಲ್ಲಿನ ಮೇಜಿನ ಮುಂದೆ ನಿಂತರು.

“ಅವನು ಒಂದಕ್ಷರ ಹೇಳಿಲ್ಲ ರಮ್ಯಾ. ನಾನೂ ಕೇಳಿಲ್ಲ. ನೀನು ಒಂದು ಮಾತು ಅವರಿಗೆ ಹೇಳ್ಬೇಕು.”

“ನಂಬ್ತೀನಿ ಕಣೆ. ಆದ್ರೆ ನಾನು ನಂಬಿದ್ರೆ ಏನಾಯ್ತು? ಅವ್ರ ಟೆಸ್ಟಿಂಗ್ ಕಂಪನಿ ಬೇರೆ, ನಮ್ಮದು ಬೇರೆ. ಎರಡಕ್ಕೂ ಮೇಲೆ ಇರೋರು ಹೊರದೇಶದಲ್ಲಿದಾರೆ. ನಾನು ಅವರ ಮುಖಾನೂ ನೋಡಿಲ್ಲ.” ರಮ್ಯಾ ಕಾಫಿಯನ್ನು ಊದುತ್ತ ಕುಡಿಯದೆ ನಿಂತಳು. “ನಿಜ ಹೇಳ್ಲಾ? ನನಗೂ ಕಾಪಿ ಕೊಟ್ಟಿರ್ಲಿಲ್ಲ. ಸರ್ಪ್ರೈಸ್ ಅಂತ ನಿಂಗೆ ಹೇಳ್ದಾಗ ಅದನ್ನೇ ನಿಜ ಅಂದ್ಕೊಂಡಿದ್ದೆ. ಈಗ ದಿನಾ ಬೈಗುಳದ ಫೋನು. ಸೇತುವೆ ಸೇತುವೆ ಅಂತಾರೆ, ಯಾವ ಸೇತುವೆ ಅಂತ್ಲೇ ನಂಗೊತ್ತಿಲ್ಲ.”

“ಹೇಳೋದೂ ಇಲ್ವಾ ಹಾಗಾದ್ರೆ?”

“ಹೇಳ್ತೀನಿ. ಹೇಳ್ದೆ ಅಂತ ನಿಂಗೆ ಫೋನೂ ಮಾಡ್ತೀನಿ. ಏನೂ ಆಗಲ್ಲ ವಿಶಾಖಾ.”

ಅವಳು ಹೇಳಿದಳು, ಫೋನೂ ಮಾಡಿದಳು, ಏನೂ ಆಗಲಿಲ್ಲ.

ವಿಶಾಖಾ ಹೋಟೆಲಿನಿಂದ ಬಂದ ಸಂಜೆ ಮುತ್ತುರಾಜ್ ಮನೆಯ ಮುಂದಿನ ಮೆಟ್ಟಿಲ ಮೇಲೆ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ. ಅವಳು ಪಕ್ಕದಲ್ಲಿ ಕೂತು ರಮ್ಯಾ ಹೇಳಿದ್ದನ್ನೆಲ್ಲ ಹೇಳಿದಳು. ಅವನು ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಕೇಳಿದ.

“ನೀನು ಕೇಳಿದ್ರೆ ಹೇಳ್ತಿದ್ದೆ ಕಣಕ್ಕ,” ಎಂದ.

“ಗೊತ್ತು. ಅದಕ್ಕೇ ಕೇಳ್ಲಿಲ್ಲ.”

“ಕೇಳ್ಬೇಕಿತ್ತು. ಹೋಗೋದು ಹೇಗಿದ್ರೂ ಹೋಯ್ತು. ಜನಕ್ಕಾದ್ರೂ ಗೊತ್ತಾಗಿರೋದು.”

ಅವನ ದನಿಯಲ್ಲಿ ಆರೋಪವಿರಲಿಲ್ಲ. ಇದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು, ಪ್ರತಿಯಾಗಿ ಏನಾದರೂ ಅನ್ನಬಹುದಿತ್ತು. ತಾನು ಕೇಳದೆ ಅವನನ್ನು ಕಾಪಾಡಿದೆ ಎಂದು ಅವಳು ತಿಳಿದಿದ್ದಳು. ಅವನೂ ಹೇಳದೆ ಅವಳನ್ನು ಕಾಪಾಡಿದೆ ಎಂದು ತಿಳಿದಿದ್ದನೇನೋ. ಎದುರುಮನೆಯ ಮುನಿಲಕ್ಷ್ಮಮ್ಮ ನೀರು ಬಂತೇ ಎಂದು ಕೂಗಿ ಕೇಳಿದರು. ಇನ್ನೂ ಇಲ್ಲ ಎಂದಳು ವಿಶಾಖಾ.

ಆಮೇಲೆ ಅವಳು ಕೇಳಿದಳು. “ಸೇತುವೆ ದಾಟೋಕೆ ಏನಾದ್ರೂ ದಾರಿ ಇದ್ಯಾ?”

“ಇದೆ. ಸೇತುವೆ ಹತ್ರ ಬರೋ ಮುಂಚೆ ದೋಣಿ ದೀಪ ಆರಿಸ್ಬೇಕು. ಕತ್ಲಲ್ಲೇ ಹೋಗ್ಬೇಕು. ದೀಪದ ಬೆಳಕು ಕಬ್ಬಿಣದ ಮೇಲೆ ಬಿದ್ರೆ ಕೆಡುತ್ತೆ.”

“ಬರೀಲಾ?”

“ಬರಿ. ಇನ್ನೇನು ಕಿತ್ಕೋತಾರೆ?”

ಅವಳು ಒಳಗೆ ಹೋಗಿ ಮೂರನೇ ಸಲ ಮೊದಲಿನಿಂದ ಶುರುಮಾಡಿದಳು. ಸೇತುವೆಗೆ ಮುಂಚೆ ದೀಪ ಆರಿಸಿದಳು. ದೋಣಿ ಕತ್ತಲಲ್ಲಿ ಸರಾಗವಾಗಿ ಆಚೆ ಹೋಯಿತು. ಕೊನೆಯವರೆಗೂ ಆಡಿ ಮುಗಿಸಿ, ವಿಮರ್ಶೆ ಬರೆದಳು. ಆಟ ಚೆನ್ನಾಗಿದೆ ಎಂದು ಬರೆದಳು; ಸೇತುವೆಯ ಬಳಿ ಅದು ಕೆಡುತ್ತದೆಂದು ಮಾಡಿದವರಿಗೆ ಮೊದಲೇ ಗೊತ್ತಿತ್ತು ಎಂದೂ, ಡಿಸ್ಕನ್ನು ಮೊದಲು ಕೊಡದಿದ್ದುದಕ್ಕೆ ಕಾರಣ ಕಥೆಯಲ್ಲ ಎಂದೂ ಬರೆದಳು. ದೀಪದ ವಿಷಯ ಬರೆದಳು.

ಅಕ್ಟೋಬರಿನ ಸಂಚಿಕೆ ಅಂಗಡಿಗೆ ಬರುವ ಹೊತ್ತಿಗೆ ಕಂಪನಿ ಸೇತುವೆಯ ದೋಷ ಸರಿಪಡಿಸುವ ತುಣುಕನ್ನು ಇಂಟರ್‌ನೆಟ್ಟಿನಲ್ಲಿ ಬಿಟ್ಟಾಗಿತ್ತು. ಮಾಯಣ್ಣ ಅದನ್ನು ಇಳಿಸಿ ಸಿ.ಡಿ.ಗಳಿಗೆ ಹಾಕಿ ಬಂದವರಿಗೆಲ್ಲ ಕೊಡುತ್ತಿದ್ದ. ದೀಪ ಆರಿಸುವ ಅಗತ್ಯ ಯಾರಿಗೂ ಉಳಿದಿರಲಿಲ್ಲ. ಬೈದುಕೊಂಡಿದ್ದವರು ಕೂಡ ಮೊದಲಿನಿಂದ ಆಡಿ, ಮರೆತು, ನಾಲ್ಕನೇ ಭಾಗ ಯಾವಾಗ ಎಂದು ಕೇಳತೊಡಗಿದ್ದರು.

ಹಿಂಬದಿ ರಕ್ಷಾಪುಟಕ್ಕೆ ಹರಿಕೃಷ್ಣ ಕಬ್ಬನ್ ಪಾರ್ಕಿನದೊಂದು ಫೋಟೋ ಹಾಕಿದ. ವರ್ಷದ ಕೊನೆಗೆ ಬೇರೆ ಪತ್ರಿಕೆಗಳಿಗೆ ಡಿಸ್ಕುಗಳು ಮತ್ತೆ ಬರತೊಡಗಿದವು. ಮಾರಾಟದ ದಿನಕ್ಕಿಂತ ಮೊದಲು ಏನನ್ನೂ ಬರೆಯುವುದಿಲ್ಲ ಎಂದು ಒಪ್ಪಿಕೊಂಡವರಿಗೆ ಮಾತ್ರ. ‘ಕೀಲಿಮಣೆ’ಗೆ ಒಪ್ಪುತ್ತೀರಾ ಎಂದು ಕೇಳುವ ಪತ್ರವೂ ಬರಲಿಲ್ಲ. ವಿಶಾಖಾ ಎಲ್ಲರಂತೆ ಮೊದಲ ದಿನ ಮಾಯಣ್ಣನ ಅಂಗಡಿಯಲ್ಲಿ ನಿಂತು ಕೊಂಡುತಂದು, ಆಡಿ, ತಿಂಗಳು ತಡವಾಗಿ ಬರೆಯುತ್ತಿದ್ದಳು. ಅಷ್ಟು ಹೊತ್ತಿಗೆ ಆಡುವವರು ಆಡಿ ಮುಗಿಸಿರುತ್ತಿದ್ದರು. ಎರಡು ಸಾವಿರದ ಎಂಟರ ಯುಗಾದಿಯ ನಂತರ ಪತ್ರಿಕೆ ನಿಂತಿತು. ಹರಿಕೃಷ್ಣ ಮಂಡಿಯಲ್ಲಿ ಅಣ್ಣನ ಪಕ್ಕ ಕೂರತೊಡಗಿದ. ಈರುಳ್ಳಿ ಲಾರಿಗಳ ನಡುವೆ ಒಮ್ಮೆ ಕಂಡಾಗ, “ಚೆನ್ನಾಗಿದೀನಮ್ಮ. ಇಲ್ಲಿ ಕೊಯ್ದು ನೋಡ್ಬಹುದು,” ಎಂದು ನಕ್ಕ. ವಿಶಾಖಾ ಚಾಮರಾಜಪೇಟೆಯಲ್ಲೇ ಶಾಲಾ ಪುಸ್ತಕ ಮಾಡುವವರ ಬಳಿ ಕರಡು ತಿದ್ದುವ ಕೆಲಸಕ್ಕೆ ಸೇರಿದಳು. ಮುತ್ತುರಾಜನನ್ನು ಪರೀಕ್ಷೆಯ ಕಂಪನಿಗಳು ಯಾವುವೂ ತೆಗೆದುಕೊಳ್ಳಲಿಲ್ಲ. ಹೆಸರು ಕೇಳಿ, ಆಮೇಲೆ ತಿಳಿಸುತ್ತೇವೆ ಎನ್ನುತ್ತಿದ್ದರು. ಅವನು ಸ್ವಲ್ಪ ದಿನ ಮಾಯಣ್ಣನ ಅಂಗಡಿಯಲ್ಲಿ ಕಂಪ್ಯೂಟರ್ ಜೋಡಿಸಿ, ಆಮೇಲೆ ಅಂಗಡಿ, ಬ್ಯಾಂಕುಗಳಿಗೆ ಕ್ಯಾಮೆರಾ ಕೂರಿಸುವವರ ಜೊತೆ ಸೇರಿಕೊಂಡ. ಸಂಬಳ ಮೊದಲಿಗಿಂತ ಕಡಿಮೆಯೇನಿರಲಿಲ್ಲ. ಮನೆಯಲ್ಲಿ ಯಾರೂ ಜಗಳವಾಡಲಿಲ್ಲ, ಯಾರೂ ಅಳಲಿಲ್ಲ. ಅವನು ಬಚ್ಚಲಲ್ಲಿ ಗುನುಗುವುದನ್ನು ಯಾವಾಗ ಬಿಟ್ಟನೆಂದು ವಿಶಾಖಾ ಗಮನಿಸಿರಲಿಲ್ಲ.

ಆ ವರ್ಷದ ಒಂದು ಭಾನುವಾರ ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತಿದ್ದರು. ಟಿ.ವಿ.ಯಲ್ಲಿ ಎಲ್ಲಿಯದೋ ಪ್ರವಾಹದ ಸುದ್ದಿ. ಜನ ದೋಣಿ ಹತ್ತುತ್ತಿದ್ದರು. ಶಿವಲಿಂಗಯ್ಯ ಇದ್ದಕ್ಕಿದ್ದಂತೆ ಕೇಳಿದರು: “ಆ ನಿಮ್ಮ ಆಟದಲ್ಲೂ ದೋಣಿ ಇತ್ತಲ್ವಾ? ಏನಪ್ಪ ಅದರ ಕಥೆ?”

ಎರಡು ವರ್ಷದಲ್ಲಿ ಅದರ ಮಾತು ಎತ್ತಿದ್ದು ಅದೇ ಮೊದಲು. ಶಕುಂತಲಮ್ಮ ಗಂಡನ ಕಡೆ ಕಣ್ಣು ಬಿಟ್ಟರು. ಮುತ್ತುರಾಜ್ ಮಾತ್ರ ಸಹಜವಾಗಿಯೇ ಹೇಳಿದ: ಊರು ಮುಳುಗುವುದು, ದೋಣಿಕಾರ ಜನರನ್ನು ದಾಟಿಸುವುದು, ಸೇತುವೆ.

“ಆಮೇಲೆ? ಕೊನೇಲಿ ಏನಾಗುತ್ತೆ?”

“ಗೊತ್ತಿಲ್ಲ ಅಪ್ಪ.”

“ಅಷ್ಟು ತಿಂಗಳು ಆಡಿದೀಯ?”

“ನನಗೆ ಕೊಟ್ಟಿದ್ದು ಒಂಬತ್ತನೇ ಘಟ್ಟ ಒಂದೇ. ಮುಂದಿಂದು ಬೇರೆ ಟೀಮಿಗೆ. ನಾನು ನೋಡೇ ಇಲ್ಲ.”

ವಿಶಾಖಾ ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತಿದ್ದಳು. ಇದು ಅವಳಿಗೆ ಗೊತ್ತಿರಲಿಲ್ಲ. “ನಾನು ನೋಡಿದೀನಿ,” ಎಂದಳು. “ಎಲ್ಲರನ್ನೂ ದಾಟಿಸಿ ಆದ್ಮೇಲೆ ಒಬ್ಬನೇ ವಾಪಸ್ ಬರ್ತಾನೆ. ದೋಣಿ ಕಟ್ಟಿ ತನ್ನ ಮನೆಗೆ ಹೋಗ್ತಾನೆ. ಬಾಗಿಲು ತೆರೆದಿರುತ್ತೆ. ಒಳಗೆ ಯಾರಿದಾರೆ ಅಂತ ತೋರ್ಸಲ್ಲ. ಆಮೇಲೆ ಆಟ ಮಾಡಿದೋರ ಹೆಸರುಗಳು ಬರುತ್ತೆ.”

ಮುತ್ತುರಾಜ್ ಟಿ.ವಿ. ಕಡೆ ನೋಡುತ್ತಲೇ ಕೇಳಿದ.

“ನಮ್ಮ ಆಫೀಸಿನೋರ ಹೆಸರು ಇತ್ತಾ?”

“ಇತ್ತು. ತುಂಬಾ ಕೊನೇಲಿ, ಸಣ್ಣ ಅಕ್ಷರದಲ್ಲಿ. ನಿಂದೂ ಇತ್ತು.”

“ನಂದೂ ಇತ್ತಾ?”

“ಹೂಂ. ನಿನ್ನ ತೆಗೆಯೋ ಮುಂಚೇನೇ ಡಿಸ್ಕ್ ಅಚ್ಚಾಗಿರುತ್ತಲ್ಲ. ಮುತ್ತುರಾಜ್ ಎಸ್ ಅಂತ.”

“ಸ್ಪೆಲ್ಲಿಂಗ್ ಸರಿ ಹಾಕಿದ್ರಾ?”

“ಒಂದು ಟಿ ಬಿಟ್ಟಿದ್ರು.”

ಎಲ್ಲಿ, ಈಗ ನೋಡಬಹುದೇ ಎಂದು ಶಕುಂತಲಮ್ಮ ಕೇಳಿದರು. ಆ ಕಂಪ್ಯೂಟರ್ ಕೆಟ್ಟು, ಪತ್ರಿಕೆ ನಿಂತ ಮೇಲೆ ಅದನ್ನು ಯಾರಿಗೋ ಕೊಟ್ಟುಬಿಟ್ಟಿದ್ದರು. ಡಿಸ್ಕು ಎಲ್ಲಿದೆಯೋ ವಿಶಾಖಾಗೂ ನೆನಪಿರಲಿಲ್ಲ. ಮುತ್ತುರಾಜ್ ಮಜ್ಜಿಗೆ ಹಾಕಿಸಿಕೊಂಡ. ನಾಲ್ಕು ಗಂಟೆಗೆ ಮಲ್ಲೇಶ್ವರದ ಒಂದು ಒಡವೆ ಅಂಗಡಿಗೆ ಕ್ಯಾಮೆರಾ ಕೂರಿಸಲು ಹೋಗಬೇಕಿತ್ತು. ಊಟ ಮುಗಿಸಿ, ಕೈ ತೊಳೆದು, ಏಣಿ ತರಲು ಹಿತ್ತಲಿಗೆ ಹೋದ.